ಸಾವಿರ ಹೆಂಗಸರ ಹಸಿರು ದೀಪ

ನನ್ನ ನಾದಿನಿ ಶಾಂಭವಿಯನ್ನು ಹಿಡಿದುಕೊಂಡು ಹೋದದ್ದು ಒಂದೇ ಒಂದು ಮಾತಿಗೆ. ಪಡಿತರ ಅಂಗಡಿಯ ಸಾಲಿನಲ್ಲಿ ಎರಡು ತಾಸು ನಿಂತವಳು ತನ್ನ ಸರದಿ ಬಂದಾಗ, "ನನಗ ಹಸಿವಾಗೇತ್ರೀ, ಇನ್ನೊಂದು ಹಿಡಿ ಜ್ವಾಳ ಹಾಕ್ರಿ" ಅಂದಳು. ಅಷ್ಟೇ. ಕದಿಯಲಿಲ್ಲ, ಯಾರನ್ನೂ ಬೈಯಲಿಲ್ಲ, ಪಕ್ಷದ ಹೆಸರನ್ನೂ ಎತ್ತಲಿಲ್ಲ. ಏಳು ತಿಂಗಳ ಬಸುರಿ ಹಸಿವಾಗಿದೆ ಅಂದಳು. ಆದರೆ ಅವಳ ಕೈಯಲ್ಲಿದ್ದ ಕಡಗದ ದೀಪ ಹಸಿರಾಗಿತ್ತು.

ಹಸಿರು ದೀಪ ಇಟ್ಟುಕೊಂಡು ಹಸಿವು ಅನ್ನುವುದಕ್ಕೆ ನಮ್ಮ ಜನಗಣರಾಜ್ಯದ ಕಾನೂನು ಒಂದು ಹೆಸರಿಟ್ಟಿದೆ: ಹುಸಿ ಹಸಿವು. ಶಿಕ್ಷೆ ಐದು ವರ್ಷ ತಿದ್ದುಪಾಟು ಶಿಬಿರ. ಅಲ್ಲಿ ಹಡೆದರೆ ಕೂಸನ್ನು ಪಕ್ಷದ ಶಿಶುಗೃಹಕ್ಕೆ ಒಯ್ಯುತ್ತಾರೆ. ತಾಯಿ ಬಿಡುಗಡೆಯಾಗಿ ಬಂದು ಕೇಳಿದರೆ, ಯಾವ ಕೂಸು ಎಂದು ಕೇಳುತ್ತಾರೆ.

ಕಡಗದ ವಿಷಯ ಸ್ವಲ್ಪ ಹೇಳಬೇಕು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಪ್ರಾಂತದಲ್ಲಿ ಯಾರೂ ಇಲ್ಲ, ಹಾಳಾಗಿ ಹೋಗಲಿ, ಅದೇ ನನ್ನ ಕೆಲಸ. ಬೆರಳಗಲದ ಉಕ್ಕಿನ ಪಟ್ಟಿ. ಎಡಗೈಗೆ ಒಮ್ಮೆ ಹಾಕಿದರೆ ಬಿಚ್ಚಲಾಗದು. ಒಳಮೈಯಲ್ಲಿ ಕೂದಲಿಗಿಂತ ಸಣ್ಣ ಸೂಜಿಯಿದೆ. ಅದು ಚರ್ಮದ ಕೆಳಗಿನ ನೀರಿನಂಶದಲ್ಲಿ ಎರಡನ್ನು ಅಳೆಯುತ್ತದೆ. ಒಂದು ಸಕ್ಕರೆ. ಇನ್ನೊಂದು, ಉಣ್ಣದೆ ಇದ್ದಾಗ ಮೈಯ ಕೊಬ್ಬು ಕರಗಿ ಹುಟ್ಟುವ ಒಂದು ಆಮ್ಲ. ಉಂಡವರಲ್ಲಿ ಆ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆ ಖಾಲಿಯಿದ್ದಷ್ಟೂ ಜಾಸ್ತಿ. ನಲವತ್ತು ಲಕ್ಷ ಕಡಗಗಳ ಅಳತೆ ಯೋಜನಾ ಭವನದ ಯಂತ್ರಕ್ಕೆ ಬರುತ್ತದೆ. ಯಂತ್ರ ಅದನ್ನು 'ಮೂಲ'ದ ಜೊತೆ ಹೋಲಿಸುತ್ತದೆ. ಮೂಲ ಎಂದರೆ ಹೊಟ್ಟೆ ತುಂಬಿದ ಮನುಷ್ಯನ ಅಳತೆ. ಅದಕ್ಕೆ ಸರಿಹೊಂದಿದರೆ ಹಸಿರು, ಸ್ವಲ್ಪ ತಪ್ಪಿದರೆ ಹಳದಿ, ಪೂರ ತಪ್ಪಿದರೆ ಕೆಂಪು. ದೀಪ ನೋಡಿ ಪಡಿತರ.

ಎಷ್ಟು ಚೆಂದದ ವಿಚಾರ! ಅಗತ್ಯ ಇದ್ದವರಿಗೆ ಅಗತ್ಯ ಇದ್ದಷ್ಟು. ಕ್ರಾಂತಿಯಾದ ಹೊಸತರಲ್ಲಿ ನಾನೂ ನಂಬಿದ್ದೆ. ಮನೆಮನೆಯ ಮಗ್ಗ ಕಿತ್ತು ಮಿಲ್ಲಿಗೆ ಹಾಕಿದರು, ನಂಬಿದೆ. ಮಂಗಳವಾರದ ಸಂತೆ ನಿಲ್ಲಿಸಿದರು, ನಂಬಿದೆ. ಬೀಸುವ ಕಲ್ಲು ಇದ್ದಲ್ಲಿ ಬಚ್ಚಿಟ್ಟ ಕಾಳು ಇರುತ್ತದೆಂದು ಮನೆಮನೆಯ ಬೀಸುವ ಕಲ್ಲನ್ನು ಲಾರಿಗೆ ಹೇರಿಕೊಂಡು ಹೋದರು. ನನ್ನವ್ವ ತನ್ನ ಅವ್ವನ ಕಾಲದ ಕಲ್ಲಿನ ಹಿಂದೆ ಓಡುತ್ತ ಅತ್ತಳು. ಆಗಲೂ ನಾನು, "ಹೋಗಲಿ ಬಿಡವಾ, ಕಲ್ಲಿಗ್ಯಾಕ ಅಳತಿ" ಅಂದೆ. ಈಗ ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಊರಿನ ಎಲ್ಲ ಗೋಡೆಗಳ ಮೇಲೂ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು: 'ಕೆಂಪು ದೀಪದವರಿಗೆ ಅನ್ನ ನಿರಾಕರಿಸುವಂತಿಲ್ಲ.' ಪಡಿತರ ಅಂಗಡಿಯ ಬೀಗವನ್ನೂ ಹಾಗೆಯೇ ಮಾಡಿದ್ದರು. ಕೆಂಪು ದೀಪದ ಕೈ ಎದುರಿಗೆ ಬಂದರೆ ಶಟರು ತಾನಾಗಿ ಮೇಲೇಳುತ್ತದೆ, ಯಾವ ಅಧಿಕಾರಿಯ ಅಪ್ಪಣೆಯೂ ಬೇಡ. ಹನ್ನೊಂದು ವರ್ಷದಲ್ಲಿ ಹಾಗೆ ಶಟರು ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಜನ ಒಣಗುತ್ತಿದ್ದರು, ಮಗ್ಗದ ಮುಂದೆ ತಲೆ ಸುತ್ತಿ ಬೀಳುತ್ತಿದ್ದರು, ಮಣ್ಣಿಗೆ ಹೋಗುತ್ತಿದ್ದರು. ಹೂಳುವಾಗಲೂ ಕೈಯಲ್ಲಿ ಹಸಿರು.

ಯಾಕೆಂದು ನನಗೆ ಗೊತ್ತಿತ್ತು. ಆ ಹಸಿರು ನಾನು ಮಾಡಿದ್ದು.

ಶಾಂಭವಿಯನ್ನು ಒಯ್ದ ದಿನ ಸಂಜೆ ನಾನು ಕೆಲಸ ಮುಗಿಸಿ ಮನೆಗೆ ಬಂದಾಗ ಅತ್ತೆ ಶಿವಗಂಗವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ನನ್ನ ಗಂಡ ಕಾಲುವೆ ದಳದಲ್ಲಿದ್ದಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಚೊಚ್ಚಲ ಹೆರಿಗೆಗೆ ಶಾಂಭವಿ ತವರಿಗೆ ಬಂದು ಇಪ್ಪತ್ತು ದಿನವಾಗಿತ್ತು. ಪಡಸಾಲೆಯಲ್ಲಿ, ಬಸುರಿಗೆ ಬಳೆ ತೊಡಿಸುವ ಅವಳ ಕುಬಸದ ಶಾಸ್ತ್ರಕ್ಕೆಂದು ಅತ್ತೆ ಎಲ್ಲಿಂದಲೋ ಹೊಂದಿಸಿದ ಹಸಿರು ಗಾಜಿನ ಬಳೆಗಳು ಕಾಗದದಲ್ಲಿ ಸುತ್ತಿದ್ದ ಹಾಗೇ ಇದ್ದವು.

ದಿನದಂತೆ ನಾನು ಸೀರೆಯ ನೆರಿಗೆಯೊಳಗೆ ಬಚ್ಚಿಟ್ಟು ತಂದ ಎರಡು ರೊಟ್ಟಿ ತೆಗೆದೆ. ಯೋಜನಾ ಭವನದ ಕ್ಯಾಂಟೀನಿನಲ್ಲಿ ಅಧಿಕಾರಿಗಳಿಗೆ ಮಧ್ಯಾಹ್ನದ ಊಟ ಇದೆ: ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ನಾನೂ ಅಲ್ಲೇ ಉಣ್ಣುತ್ತಿದ್ದೆ. ಉಂಡು, ಉಳಿಸಿ, ಕದ್ದು ತರುತ್ತಿದ್ದೆ.

"ಒಂದು ಆಕಿಗೆ ಇಡು," ಅಂದಳು ಅತ್ತೆ. ಆಮೇಲೆ ನೆನಪಾಗಿ ರೊಟ್ಟಿಯನ್ನು ನನ್ನ ಕಡೆ ಸರಿಸಿದಳು.

"ಅತ್ತಿ, ನೀವು ಉಣ್ರಿ."

"ನಂದು ಊಟ ಆತವಾ."

ಆಗಿರಲಿಲ್ಲ. ಒಲೆ ತಣ್ಣಗಿತ್ತು. ನನಗೆ ತಲೆ ಕೆಟ್ಟುಹೋಯಿತು. "ಸುಳ್ಳು ಯಾಕ ಹೇಳ್ತೀರಿ! ಜೀವನಪೂರ್ತಿ ಇದೇ ಹೇಳ್ಕೋತ ಬಂದ್ರಿ, ಊಟ ಆತು, ಊಟ ಆತು! ಈ ಸುಳ್ಳಿಂದನ ಶಾಂಭವಿ ಅಲ್ಲಿ ಕುಂತಾಳ!"

ಅತ್ತೆಗೆ ನನ್ನ ಮಾತು ಅರ್ಥವಾಗಲಿಲ್ಲ. ಹೇಗಾದೀತು? ಆ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂದು ಅವಳ ಪಕ್ಕದಲ್ಲಿ ಕುಳಿತು ಹೇಳಿದೆ.

ಹನ್ನೊಂದು ವರ್ಷದ ಹಿಂದೆ ನನಗೆ ಇಪ್ಪತ್ತೆರಡು. ಹೊಸ ಕೆಲಸ. ಮೂಲ ಗೊತ್ತುಮಾಡಲು ಪಕ್ಷಕ್ಕೆ ಸಾವಿರ ಮಂದಿ 'ಮಾದರಿ ಕಾರ್ಮಿಕರು' ಬೇಕಾಗಿದ್ದರು. ನಮ್ಮೂರ ಬಟ್ಟೆ ಮಿಲ್ಲಿನ ಹೆಂಗಸರನ್ನು ಆರಿಸಿದರು. ಊರಿಗೆ ಆಗಷ್ಟೇ ಶ್ರಮನಗರ ಎಂದು ಹೆಸರಿಟ್ಟಿದ್ದರು, ನಾವು ಒಳಗೊಳಗೇ ಅಡವಿಹಾಳ ಅನ್ನುತ್ತಿದ್ದೆವು. ನನ್ನ ಕೆಲಸ ಸುಲಭದ್ದು. ಕಡಗ ತೊಡಿಸಬೇಕು, ಊಟ ಆಗಿದೆಯೇ ಎಂದು ಕೇಳಬೇಕು, ಆಗಿದೆ ಎಂದರೆ 'ತೃಪ್ತ' ಎಂದು ಗುರುತು ಹಾಕಿ ಅಳತೆ ತೆಗೆದುಕೊಳ್ಳಬೇಕು.

"ಊಟ ಆತೇನ್ರೀ?" ಎಂದು ನಾನು ಕೇಳಿದೆ.

"ಆತ್ರೀ," ಎಂದರು ಸಾವಿರ ಮಂದಿಯೂ.

ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವವರು ಯಾರಿದ್ದಾರೆ? ಮನೆಗೆ ಬಂದವರ ಮುಂದೆ, ದಾರಿಯಲ್ಲಿ ಸಿಕ್ಕವರ ಮುಂದೆ, 'ಇಲ್ಲ, ಉಂಡಿಲ್ಲ' ಎಂದು ಹೇಳಿಕೊಳ್ಳುವ ಹೆಂಗಸನ್ನು ನಾನು ಕಂಡಿಲ್ಲ. ಅದು ಮನೆಯ ಮರ್ಯಾದೆ. ಯೋಜನೆ ಬರೆದ ರಾಜಧಾನಿಯ ಪಂಡಿತರಿಗೆ ಇದು ತಿಳಿಯಲಿಲ್ಲ. ನನಗೆ ತಿಳಿದಿತ್ತು. ಇನ್ನೊಂದೂ ತಿಳಿದಿತ್ತು: ಅದು ಶ್ರಾವಣ ಮಾಸ. ಪೂಜೆ, ವ್ರತ, ಉಪವಾಸ ಎಲ್ಲವನ್ನೂ ಸರಕಾರ ನಿಷೇಧಿಸಿ ಆರು ತಿಂಗಳಾಗಿತ್ತು. ಆದರೂ ಮಿಲ್ಲಿನ ಹೆಂಗಸರು ಜಾತಿ ಧರ್ಮ ಎನ್ನದೆ ಗುಟ್ಟಾಗಿ ಶ್ರಾವಣ ಹಿಡಿದಿದ್ದರು. ದಿನಕ್ಕೆ ಒಂದೇ ಊಟ, ಸೋಮವಾರ ಬರೀ ನೀರು. ನಾನು ಅಳತೆ ತೆಗೆದದ್ದು ಸೋಮವಾರ. ನಾನೂ ಅಂದು ಬರೀ ನೀರಿನ ಮೇಲಿದ್ದೆ.

ಷರಾ ಬರೆಯಲು ಒಂದು ಜಾಗವಿತ್ತು. 'ಉಪವಾಸ' ಎಂಬ ಒಂದು ಶಬ್ದ ಬರೆದಿದ್ದರೆ ಅಳತೆ ರದ್ದಾಗುತ್ತಿತ್ತು. ಆದರೆ ಸಾವಿರ ಹೆಂಗಸರು ವ್ರತ ಮಾಡಿದ ತಪ್ಪಿಗೆ ಶಿಬಿರಕ್ಕೆ ಹೋಗುತ್ತಿದ್ದರು. ಬರೆಯಲಿಲ್ಲ. ಹಾಗೆ, ಹತ್ತು ತಾಸು ಮಗ್ಗದ ಮುಂದೆ ನಿಂತು ಒಂದು ಅಗುಳನ್ನೂ ಉಣ್ಣದ ಹೆಂಗಸಿನ ಅಳತೆ ಈ ಪ್ರಾಂತಕ್ಕೆಲ್ಲ ಹೊಟ್ಟೆ ತುಂಬಿದ ಮನುಷ್ಯನ ಅಳತೆಯಾಯಿತು.

ಅತ್ತೆ ಕೈ ಎತ್ತಿ ತನ್ನ ಕಡಗದ ಹಸಿರು ದೀಪ ನೋಡಿಕೊಂಡಳು. ಆಮೇಲೆ, "ಮೊದಲನೇ ಹೆಸರು ನಂದ ಬರದಿದ್ದೆಲ್ಲ," ಅಂದಳು. "ನನ್ನ ಕೈ ಹಿಡದು ಕೇಳಿದ್ದಿ. ಆವಾಗ ನೀ ಇನ್ನೂ ನನ್ನ ಸೊಸಿ ಆಗಿರಲಿಲ್ಲ."

"ಹೂಂ ರೀ."

"ನಮ್ಮನ್ನ ಉಳಸಾಕ ಮಾಡೀದಿ, ಖರೆ. ಆದ್ರ ಹನ್ನೊಂದು ವರ್ಷ ಯಾಕ ಸುಮ್ನಿದ್ದಿ, ದಾಕ್ಷಾ?"

ಹೆದರಿಕೆ ಎಂದು ಹೇಳಬಹುದಿತ್ತು. ಬದನೆಕಾಯಿ ಪಲ್ಯ ಎಂದೂ ಹೇಳಬಹುದಿತ್ತು.

ಮರುದಿನ ಬೆಳಿಗ್ಗೆ ನೇರವಾಗಿ ಮುಖ್ಯ ಯೋಜನಾಧಿಕಾರಿ ಕಾಮ್ರೇಡ್ ಹಂಪಣ್ಣನವರ ಕೋಣೆಗೆ ಹೋದೆ. ಗಾಜಿನ ಗೋಡೆಯಾಚೆ ನಿಯಂತ್ರಣ ಕೊಠಡಿ; ಪ್ರಾಂತದ ನಕ್ಷೆ ಗೋಡೆ ತುಂಬ ಹಸಿರಾಗಿ ಹೊಳೆಯುತ್ತಿತ್ತು. ಹೊರಗಿನಿಂದ ಬಂದ ಅತಿಥಿಗಳನ್ನು ಅವರು ಆ ನಕ್ಷೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೂಲ ತಪ್ಪು. ಆ ಹೆಂಗಸರು ಉಂಡಿರಲಿಲ್ಲ. ದೀಪ ಸುಳ್ಳು ಹೇಳುತ್ತಿದೆ. ಹೊಸದಾಗಿ ಅಳತೆ ಮಾಡೋಣ, ತಪ್ಪು ನನ್ನದೆಂದು ಬರೆದುಕೊಡುತ್ತೇನೆ.

ಅವರು ನಕ್ಕರು. "ಕೂತ್ಕೊಳ್ಳಿ ದಾಕ್ಷಾಯಣಿ. ಚಹಾ ತಗೊಳ್ಳಿ. ಇದು ನನಗೆ ಎಂಟು ವರ್ಷದಿಂದ ಗೊತ್ತು."

ನಾನು ಕೂರಲಿಲ್ಲ.

"ಮಿಲ್ಲಿನವರ ತೂಕ ವರ್ಷ ವರ್ಷ ಇಳೀತಾ ಬಂತು, ದೀಪ ಮಾತ್ರ ಹಸಿರು. ಮೂಲದಲ್ಲೇ ಏನೋ ಆಗಿದೆ ಅಂತ ತಿಳಿಯೋಕೆ ದೊಡ್ಡ ವಿಜ್ಞಾನಿ ಆಗಬೇಕಾ? ಆದರೆ ಉಳಿದ ಧಾನ್ಯ ಹಡಗು ಹತ್ತಿತು. ಧಾನ್ಯದ ಬದಲಿಗೆ ಉಕ್ಕು ಬಂತು, ಯಂತ್ರ ಬಂತು. ರಾಜಧಾನಿಯಲ್ಲಿ ನಮ್ಮ ಪ್ರಾಂತದ ಹೆಸರು ಮೇಲಕ್ಕೆ ಬಂತು. ಇಷ್ಟು ಉಪಕಾರ ಮಾಡಿದ ತಪ್ಪನ್ನು ತಿದ್ದೋದು ಯಾಕೆ?"

"ಜನ ಸಾಯಾಕತ್ಯಾರ!"

"ಜನ ಮೊದಲೂ ಸಾಯ್ತಿದ್ದರು. ಆಗ ಹಸಿವಿನಿಂದ ಸಾಯ್ತಿದ್ದರು, ಈಗ ಹಾಗೆ ಸಾಯೋರು ಒಬ್ಬರೂ ಇಲ್ಲ. ದಾಖಲೆ ನೋಡಿ." ಚಹಾ ಹೀರಿದರು. "ಶುಕ್ರವಾರ ನಿಮ್ಮ ನಾದಿನಿಯ ವಿಚಾರಣೆ. ಅಳತೆ ವಿಭಾಗದ ಮುಖ್ಯಸ್ಥರು ಬಂದು ಕಡಗ ಸರಿ ಇದೆ ಅಂತ ಸಾಕ್ಷಿ ಹೇಳಬೇಕು. ಮುಖ್ಯಸ್ಥರು ನೀವೇ. ಮನೆಯವರ ವಿರುದ್ಧವೇ ಸತ್ಯ ಹೇಳಿದರು ಅಂತ ಪತ್ರಿಕೆಯಲ್ಲೂ ಹಾಕಿಸೋಣ."

"ಹೇಳದಿದ್ದರ?"

"ಸಾವಿರ ಹೆಂಗಸರು ನಿಷಿದ್ಧ ವ್ರತ ಮಾಡಿದ್ದರು ಅಂತ ಈಗ ನೀವೇ ಹೇಳಿದಿರಿ. ಹೆಸರುಗಳು ನಿಮ್ಮ ಕೈಬರಹದಲ್ಲೇ ಯಂತ್ರದೊಳಗಿವೆ. ಮೊದಲನೆಯದು ಯಾರದಿತ್ತು? ಶಿವಗಂಗವ್ವ, ಅಲ್ವಾ?"

ಆ ಮನುಷ್ಯನ ಮೋರೆಗೆ ಚಹಾ ಎರಚಬೇಕೆಂದು ಕೈ ತುರಿಸಿತು. ಎರಚಲಿಲ್ಲ. "ಆಗಲಿ ಸರ್, ಸಾಕ್ಷಿ ಹೇಳತೀನಿ," ಎಂದು ಹೊರಗೆ ಬಂದೆ. ಶಾಂಭವಿಯನ್ನು ಬಿಡಿಸಬೇಕಾದರೆ ದೀಪ ನಿಜ ಹೇಳಬೇಕು. ದೀಪ ನಿಜ ಹೇಳಿದರೆ ಅತ್ತೆಯೂ, ಓಣಿಯ ಹೆಂಗಸರೂ ಸಿಕ್ಕಿಬೀಳಬಾರದು. ಮೂರು ದಿನವೂ ಇದನ್ನೇ ಯೋಚಿಸಿದೆ.

ದಾರಿ ಅವರ ನಿಯಮದಲ್ಲೇ ಇತ್ತು. ನ್ಯಾಯಾಲಯದಲ್ಲಿ ಕಡಗದ ಸಾಕ್ಷಿ ಹೇಳುವ ಮುನ್ನ, ಅದೇ ದಿನ ಬೆಳಿಗ್ಗೆ, ಅಳತೆ ಮುಖ್ಯಸ್ಥರು ಮೂಲವನ್ನು ತೆರೆದು ಎಲ್ಲ ಕಡಗಗಳನ್ನೂ ಅದಕ್ಕೆ ಮರಳಿ ಹೊಂದಿಸಬೇಕು. ಮೂಲದ ಕೀಲಿ ಆಗ ಒಂದು ತಾಸು ನನ್ನ ಕೈಯಲ್ಲಿರುತ್ತದೆ.

ಶುಕ್ರವಾರ ಒಂಬತ್ತು ಗಂಟೆಗೆ ನಾನು ಕೀಲಿ ತಿರುಗಿಸಿ ಯಂತ್ರದ ಮುಂದೆ ಕುಳಿತೆ. ತೆರೆಯ ಮೇಲೆ ನನ್ನ ಇಪ್ಪತ್ತೆರಡನೇ ವಯಸ್ಸಿನ ಅಕ್ಷರ ಮೂಡಿತು. ಶಿವಗಂಗವ್ವ: ತೃಪ್ತ. ಮಾಬೂಬಿ: ತೃಪ್ತ. ನೀಲಗಂಗವ್ವ: ತೃಪ್ತ. ಅವರಲ್ಲಿ ಮುನ್ನೂರರಷ್ಟು ಜನ ಈಗ ಬದುಕಿಲ್ಲ. ಎಲ್ಲ ಹೆಸರನ್ನೂ ಅಳಿಸಿದೆ. ಕಾಗದದ ಪ್ರತಿ ಒಂದೇ ಇತ್ತು. ಅದನ್ನು ಬೆಳಿಗ್ಗೆಯೇ ಕ್ಯಾಂಟೀನಿನ ಒಲೆಗೆ ಹಾಕಿದ್ದೆ.

ಮೂಲ ಬರಿದಾಗಿ ಬಿಟ್ಟರೆ ಯಂತ್ರ ನಿಂತುಹೋಗುತ್ತದೆ, ಹೊಸ ಅಳತೆ ಕೊಡಬೇಕು. ನಿಜವಾಗಿ ಹೊಟ್ಟೆ ತುಂಬಿದವರು ನನಗೆ ಗೊತ್ತಿದ್ದದ್ದು ಒಂದೇ ಕಡೆ. ಯೋಜನಾ ಭವನದ ನಲವತ್ತೆರಡು ಅಧಿಕಾರಿಗಳು, ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆ, ಊಟವಾದ ಮೇಲಿನ ಅಳತೆ. ನಾವೂ ನಿಮ್ಮವರೇ ಎಂದು ತೋರಿಸಲು ಅವರೂ ಕಡಗ ಹಾಕಿಕೊಂಡಿದ್ದರಲ್ಲ! ನಲವತ್ತೆರಡರಲ್ಲಿ ನನ್ನ ಹೆಸರೂ ಇತ್ತು. ತೆಗೆಯಲಿಲ್ಲ. ಹನ್ನೊಂದು ಗಂಟೆಗೆ ಜಾರಿಗೆ ಬರುವಂತೆ ಹೊಂದಿಸಿ, ಕೀಲಿಯನ್ನು ಕಾವಲಿನವನಿಗೆ ಕೊಟ್ಟು ಸಹಿ ಮಾಡಿದೆ.

ಜನತಾ ನ್ಯಾಯಾಲಯ ಮುಂಚೆ ಟಾಕೀಸ್ ಆಗಿದ್ದ ಕಟ್ಟಡದಲ್ಲಿ. ಪಾಠ ಕಲಿಯಲಿ ಎಂದು ಮಿಲ್ಲಿನ ಬೆಳಗಿನ ಪಾಳಿಯ ಆರುನೂರು ಜನರನ್ನು ಕರೆತಂದು ಕೂರಿಸಿದ್ದರು. ಎದುರಿನ ಸಾಲಿನಲ್ಲಿ ಅತ್ತೆ. ವೇದಿಕೆಯ ಮೇಲೆ ನ್ಯಾಯಾಧೀಶರು, ಪಕ್ಷದ ವಕೀಲ, ಹಂಪಣ್ಣ. ಕಟಕಟೆಯಲ್ಲಿ ಶಾಂಭವಿ ಹೊಟ್ಟೆ ಹಿಡಿದು ನಿಂತಿದ್ದಳು. ನಾಲ್ಕು ದಿನದಲ್ಲಿ ಅವಳ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ನನ್ನನ್ನು ಕಂಡು, "ವೈನೀ, ನಾ ಸುಳ್ಳು ಹೇಳಿಲ್ರೀ," ಅಂದಳು. ಕುಬಸ ಮಾಡಿಸಿಕೊಂಡು ಹಸಿರು ಬಳೆ ಇಡಬೇಕಾದ ಕೈಯಲ್ಲಿ ಹಸಿರು ದೀಪ ಉರಿಯುತ್ತಿತ್ತು.

ವಕೀಲ ಕಾಲು ತಾಸು ಭಾಷಣ ಮಾಡಿದ. ಹಸಿವು ಎಂಬುದು ಹಳೆಯ ಸಮಾಜದ ಚಟ, ಅದನ್ನು ಬಾಯಿಬಿಟ್ಟು ಹೇಳುವುದು ಸಮಷ್ಟಿಗೆ ಮಾಡಿದ ದ್ರೋಹ, ಹೀಗೆ. ನ್ಯಾಯಾಧೀಶರು ನನ್ನತ್ತ ತಿರುಗಿದರು.

"ಅಳತೆ ಮುಖ್ಯಸ್ಥರೇ, ಆರೋಪಿಯ ಕಡಗ ಸರಿಯಾಗಿದೆಯೇ?"

ಟಾಕೀಸಿನ ಗಡಿಯಾರದಲ್ಲಿ ಹನ್ನೊಂದಕ್ಕೆ ಒಂದು ನಿಮಿಷ ಇತ್ತು. "ಒಂದು ನಿಮಿಷ ತಡೀರಿ," ಅಂದೆ.

"ತಡೆಯೋದು ಏನಿದೆ? ಹೌದು ಅಥವಾ ಇಲ್ಲ."

ನಾನು ಗಡಿಯಾರ ನೋಡುತ್ತ ನಿಂತೆ. ಹಂಪಣ್ಣನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಶಾಂಭವಿಯ ಕೈಯಲ್ಲಿ ದೀಪ ಹಳದಿಗೆ ತಿರುಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಾಯಿತು. ಮುಂದಿನ ಸಾಲಿನಲ್ಲಿ ಅತ್ತೆಯದು ಕೆಂಪು. ಅವಳ ಪಕ್ಕದವಳದು, ಹಿಂದಿನ ಸಾಲಿನವರದು, ಬಾಲ್ಕನಿಯಲ್ಲಿದ್ದವರದು. ಬಾಗಿಲ ಬಳಿ ಬಂದೂಕು ಹಿಡಿದು ನಿಂತಿದ್ದ ಪೇದೆಗಳದೂ ಕೆಂಪು! ಆ ಬಡಪಾಯಿಗಳು ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತ ನಿಂತುಬಿಟ್ಟರು.

"ಈಗ ಸರಿ ಆಗೇತ್ರೀ," ಅಂದೆ ನಾನು.

ಜನ ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ವೇದಿಕೆಯ ಕಡೆ ನೋಡಿದರು. ನ್ಯಾಯಾಧೀಶರದು ಹಸಿರು. ವಕೀಲನದು ಹಸಿರು. ಹಂಪಣ್ಣ ತಮ್ಮ ಎಡಗೈಯನ್ನು ಮೇಜಿನ ಕೆಳಗೆ ಇಳಿಸಿದರು, ಆದರೆ ಎಲ್ಲರೂ ನೋಡಿಯಾಗಿತ್ತು. ನಾಲ್ಕನೆಯ ಹಸಿರು ನನ್ನದು. ಅತ್ತೆ ಆ ದೀಪವನ್ನೇ ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕೈ ಮುಚ್ಚಿಕೊಳ್ಳಲಿಲ್ಲ, ಎಲ್ಲರಿಗೂ ಕಾಣುವಂತೆ ಮೇಲೆತ್ತಿದೆ. "ಈ ನಾಕು ಮಂದಿ ಉಂಡವರು," ಅಂದೆ. "ಉಳಿದವರಿಗೆಲ್ಲ ಹಸಿವಾಗೇತಿ. ಹನ್ನೊಂದು ವರ್ಷದಿಂದ ಆಗೇತಿ."

ನಮ್ಮ ಪಕ್ಕದ ಮನೆಯ ಮಾಬೂಬಿ ಎದ್ದು ನಿಂತಳು. ಮಗ್ಗದ ಸದ್ದಿನಲ್ಲೂ ಕೇಳುವಂಥ ಗಂಟಲು ಅವಳದು. "ಗ್ವಾಡಿ ಮ್ಯಾಲೆ ಏನ್ ಬರದೀರಿ, ಓದ್ರಿ ನೋಡೂಣು! ಕೆಂಪು ದೀಪದಾಕಿನ್ನ ಕಟಕಟೆಗೆ ಯಾಕ ನಿಲ್ಲಿಸೀರಿ?"

ಆರುನೂರು ಜನ ಎದ್ದರು. ಪೇದೆಗಳು ಬಂದೂಕು ಎತ್ತಲಿಲ್ಲ. ನ್ಯಾಯಾಧೀಶರು ಆರೋಪಿಯ ಮೇಲಿನ ಆಪಾದನೆಗೆ ಆಧಾರವಿಲ್ಲ ಎಂದು ಗೊಣಗಿ ಹಿಂದಿನ ಬಾಗಿಲಿನಿಂದ ಹೋದರು. ಅತ್ತೆ ಕಟಕಟೆ ಹತ್ತಿ ಮಗಳ ರಟ್ಟೆ ಹಿಡಿದು ಇಳಿಸಿದಳು. ಹೊರಗೆ ಬಂದಾಗ ಬೀದಿಯ ಎದುರಿನ ಪಡಿತರ ಅಂಗಡಿಯ ಮುಂದೆ ಜನ ಕೈ ಎತ್ತಿ ನಿಂತಿದ್ದರು, ಹನ್ನೊಂದು ವರ್ಷದ ತುಕ್ಕಿನ ಶಟರು ಕಿರ್ರೆಂದು ಮೇಲೇಳುತ್ತಿತ್ತು. ಆ ಸದ್ದು ಊರಿನ ನಾಲ್ಕೂ ದಿಕ್ಕಿನಿಂದ ಕೇಳಿಬಂತು. ಅಂಗಡಿಗಳ ಹಿಂದಿನ ಗೋದಾಮಿನಿಂದ ಬಂದರಿಗೆ ಹೋಗಬೇಕಿದ್ದ ಜೋಳದ ಚೀಲಗಳನ್ನು ಹೆಂಗಸರು ಒಬ್ಬರಿಗೊಬ್ಬರು ಹೊರಿಸಿದರು. ಯೋಜನಾ ಭವನದವರು ನಾನು ಕೊಟ್ಟ ಮೂಲವನ್ನು ಅಳಿಸಿ ಯಂತ್ರ ನಿಲ್ಲಿಸುವಷ್ಟರಲ್ಲಿ ನಾಲ್ಕು ತಾಸು ಕಳೆದಿತ್ತು, ಗೋದಾಮು ಬರಿದಾಗಿತ್ತು.

ನನ್ನನ್ನು ಟಾಕೀಸಿನ ಮೆಟ್ಟಿಲ ಮೇಲೆಯೇ ಹಿಡಿದರು.

ಈಗ ನಾನು ಶಿಬಿರದಲ್ಲಿದ್ದೇನೆ, ಹನ್ನೆರಡು ವರ್ಷ ಶಿಕ್ಷೆ. ಇಲ್ಲಿ ಕ್ಯಾಂಟೀನು ಇಲ್ಲ. ಯಂತ್ರ ನಿಂತಿರುವುದರಿಂದ ನನ್ನ ಕಡಗದ ದೀಪ ಉರಿಯುವುದಿಲ್ಲ. ಉರಿದರೆ ಯಾವ ಬಣ್ಣವೆಂದು ನನ್ನ ಹೊಟ್ಟೆಗೆ ಗೊತ್ತು.

ಅತ್ತೆ ತಿಂಗಳಿಗೊಮ್ಮೆ ಬರುತ್ತಾಳೆ. ಆ ದಿನ ನನ್ನ ಕೈಯಲ್ಲಿ ಕಂಡ ಹಸಿರಿನ ಬಗ್ಗೆ ಅವಳು ಒಂದು ಮಾತೂ ಆಡಿಲ್ಲ. ಮೊದಲ ಸಲ ಬಂದಾಗ ತಂತಿ ಬೇಲಿಯ ಆಚೆ ನಿಂತು, "ಶಾಂಭವಿ ಹಡದ್ಲು. ಹೆಣ್ಣು. ಗಟ್ಟಿ ಅಳತೈತಿ," ಅಂದಳು. ಹೋದ ವಾರ ಬಂದಾಗ ಅವಳ ಮುಖದಲ್ಲಿ ಎಂದೂ ಕಾಣದ ತುಂಟತನ ಇತ್ತು.

"ಮೂಲ ಇಲ್ದ ಯಂತ್ರ ನಡೆಯಂಗಿಲ್ಲಂತಲ್ಲ? ಮತ್ತ ಸಾವಿರ ಮಂದಿ ಬೇಕಂತ. ಉಂಡವರು ಯಾರಂತ ಓಣಿ ಓಣಿ ಕೇಳ್ಕೋತ ಬಂದಿದ್ರವಾ ಹೊಸ ಅಧಿಕಾರಿಗಳು. ನಮ್ಮ ಬಾಗಲಿಗೂ ಬಂದ್ರು. ನಾ ಆವಾಗಷ್ಟ ಜ್ವಾಳದ ಮುದ್ದಿ ಉಂಡು ಕೈ ತೊಳಕೊಂಡಿದ್ದೆ, ಕೈ ಇನ್ನ ಹಸಿ ಇತ್ತು. 'ಊಟ ಆತೇನ್ರೀ ಅಜ್ಜೀ' ಅಂದ್ರು."

"ಏನಂದ್ರಿ ಅತ್ತಿ?"

"'ಆಗಿಲ್ರೀ' ಅಂದೆ." ಅವಳು ತಂತಿಯ ಸಂದಿಯಿಂದ ನನ್ನ ಬೆರಳು ಹಿಡಿದಳು. "ಅರವತ್ತೆಂಟು ವರ್ಷದಾಗ ಮೊದಲನೇ ಸಲ ಅಂದೆ, ನಾಲಿಗಿ ತಡವರಿಸ್ತು. ಬಾಜೂಕ ಮಾಬೂಬಿ ಮನೀಗೆ ಹೋದ್ರು. ಆಕಿನೂ ಆಗಿಲ್ಲ ಅಂದ್ಲು. ಇಡೀ ಊರಾಗ ಒಬ್ಬಾಕಿನೂ ಆಗೇತಿ ಅಂದಿಲ್ಲ, ದಾಕ್ಷಾ."